ಪಕ್ಕದ ಸೀಟಿನ ಬ್ರೇಕು

ಮೇಷ್ಟ್ರಿಗೆ ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಕೈಚೆಲ್ಲಿದ ವಾರವೇ ಮೇಷ್ಟ್ರ ಹೆಂಡತಿ ಕಾರು ಕಲಿಯುತ್ತೇನೆಂದು ಹಟ ಹಿಡಿದಳು. ಹಟ ಹಿಡಿಯುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಹೊತ್ತುಗೊತ್ತು ನೋಡಿಕೊಂಡೇ ಆ ಹೆಂಗಸು ಮೂವತ್ತೈದು ವರ್ಷ ಕಳೆದಿದ್ದಳು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಮೇಷ್ಟ್ರೆಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಆ ಊರಿನಲ್ಲಿ ಸ್ಟೀರಿಂಗ್ ಹಿಡಿದ ಅರ್ಧ ಜನಕ್ಕೆ ಗೇರು ಹಾಕಲು ಕಲಿಸಿದವರು ಅವರೇ. ಬ್ಯಾಂಕಿನ ಮ್ಯಾನೇಜರು, ಹೆರಿಗೆ ವಾರ್ಡಿನ ನರ್ಸು, ತರಕಾರಿ ಮಂಡಿಯ ಸಾಹುಕಾರ, ಅವನ ಇಬ್ಬರು ಸೊಸೆಯರು, ಎಲ್ಲರೂ ಅವರ ಬಿಳಿ ಕಾರಿನಲ್ಲಿ ಕೂತು ಬೆವರಿಳಿಸಿಕೊಂಡವರು. ಕಲಿಸುವ ಕಾರುಗಳಿಗೆಲ್ಲ ಇರುವಂತೆ ಅದಕ್ಕೂ ಎರಡು ಬ್ರೇಕು. ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಡಿ. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ತಮ್ಮ ಕಡೆಯದನ್ನು ಒತ್ತಿ ಕಾರನ್ನು ನಿಲ್ಲಿಸುತ್ತಿದ್ದರು. ಹೀಗೆ ಊರಿನ ಹೆಂಗಸರಿಗೆಲ್ಲ ಕಲಿಸಿದ ಮನುಷ್ಯ ಕಟ್ಟಿಕೊಂಡ ಹೆಂಡತಿಗೆ ಕಲಿಸಿರಲಿಲ್ಲ. ಅವಳಿಗೆ ಮಾರ್ಕೆಟ್ಟಿಗೆ ಹೋಗಲು ಬಸ್ಸು, ನೆಂಟರ ಮನೆಗೆ ಹೋಗಲು ಹಿಂದಿನ ಸೀಟು.

ಅವಳು ಮಾತು ತೆಗೆದದ್ದು ಊಟದ ಹೊತ್ತಿನಲ್ಲಿ. ಬಾತ್‌ರೂಮು ಹತ್ತಿರವಾಗಲೆಂದು ಮೇಷ್ಟ್ರ ಮಂಚವನ್ನು ನಡುಮನೆಗೆ ತಂದು ಊಟದ ಮೇಜಿನ ಮಗ್ಗುಲಿಗೇ ಹಾಕಿದ್ದರು. ಮನೆಯವರು ಉಣ್ಣುವುದನ್ನು ಮೇಷ್ಟ್ರು ನೋಡುತ್ತಿದ್ದರು, ಮೇಷ್ಟ್ರು ಗಂಜಿ ಉಗುಳುವುದನ್ನು ಮನೆಯವರು ನೋಡುತ್ತಿದ್ದರು. ಮಗ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಾಗ ಅವಳು, "ನಾನು ಕಾರು ಓಡಿಸೋದು ಕಲೀಬೇಕು" ಎಂದಳು.

ಮಗ ತಾಯಿಯ ಮುಖ ನೋಡಿದ. ಸೊಸೆ ಗಂಡನ ಮುಖ ನೋಡಿದಳು. ಮಂಚದಿಂದ ಮೇಷ್ಟ್ರು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾಯಬೇಕಾಯಿತು.

"ನನ್ನ ಹೆಣ ಸಾಗಿಸೋಕೆ ಡ್ರೈವರ್ ಸಿಗಲ್ಲ ಅಂತಾನಾ?" ಎಂದು ಮೇಷ್ಟ್ರು ಕೇಳಿದರು.

"ನೀವಿರೋವಾಗಲೇ ಓಡಿಸ್ಬೇಕು. ನೀವು ನೋಡ್ಬೇಕು."

"ಅಮ್ಮಾ, ಇನ್ನೊಂದು ಸ್ವಲ್ಪ ದಿನ ತಡಿ, ಆಮೇಲೆ..." ಎಂದ ಮಗ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಯಾಕೋ ನಿಲ್ಲಿಸ್ದೆ? ಅಪ್ಪ ಹೋಗ್ಲಿ, ಆಮೇಲೆ ಕಲಿ ಅಂತ ಪೂರ್ತಿ ಹೇಳು," ಎಂದರು ಮೇಷ್ಟ್ರು. ಆಮೇಲೆ ಯಾರಿಗೂ ಅನ್ನ ಇಳಿಯಲಿಲ್ಲ. ಸೊಸೆ ತಟ್ಟೆಗಳನ್ನು ಬೇಕೆಂದೇ ಸದ್ದು ಮಾಡಿ ಎತ್ತಿಕೊಂಡು ಹೋದಳು.

ಈ ಆಸೆ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಅವಳ ಅಪ್ಪ ಲಾರಿ ಡ್ರೈವರು. ಚಿಕ್ಕವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಅವಳ ಕೈಗೆ ಕೊಟ್ಟು ಬೀಡಿ ಹಚ್ಚಿಕೊಳ್ಳುತ್ತಿದ್ದ. ಕಾಲು ಪೆಡಲಿಗೆ ಎಟುಕಲಿ, ಆಗ ಕಲಿಸುತ್ತೇನೆ ಎನ್ನುತ್ತಿದ್ದ. ಕಾಲು ಎಟುಕುವ ಹೊತ್ತಿಗೆ ಅವನ ಕಣ್ಣು ಮಂಜಾಗಿ, ಲಾರಿ ಬಿಟ್ಟು ಗೋಡೌನಿನ ಕಾವಲಿಗೆ ಸೇರಿದ್ದ. ಅಪ್ಪ ಕಲಿಸದಿದ್ದರೇನು, ಗಂಡ ಕಲಿಸುತ್ತಾನೆ ಎಂದುಕೊಂಡಳು. ಡ್ರೈವಿಂಗ್ ಮೇಷ್ಟ್ರ ಸಂಬಂಧ ಬಂದಾಗ ಹುಡುಗನ ಮೂಗು ಬಾಯಿ ಕೂಡ ಸರಿಯಾಗಿ ನೋಡದೆ ಒಪ್ಪಿಕೊಂಡಿದ್ದಳು, ಪಾಪ.

ಮದುವೆಯಾದ ಹೊಸತರಲ್ಲಿ ಮೇಷ್ಟ್ರು ಅವಳನ್ನು ಊರಾಚೆಯ ಬಯಲಿಗೆ ಕರೆದುಕೊಂಡು ಹೋಗಿ ಸ್ಟೀರಿಂಗಿನ ಮುಂದೆ ಕೂರಿಸಿದ್ದೂ ಉಂಟು. ಅವತ್ತು ಅವಳ ಕಾಲಲ್ಲಿ ಹೊಸ ಚಪ್ಪಲಿ. ಕಾರು ಮೆಲ್ಲಗೆ ಹೊರಟಿತು, ಗಕ್ಕನೆ ನಿಂತಿತು. ಮತ್ತೆ ಹೊರಟಿತು, ಮತ್ತೆ ಗಕ್ಕನೆ ನಿಂತು ಅವಳ ಹಣೆ ಸ್ಟೀರಿಂಗಿಗೆ ಬಡಿಯಿತು. ಸರದಿಗೆ ಕಾಯುತ್ತಿದ್ದ ಶಿಷ್ಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಬಗ್ಗಿ ನೋಡಿ, ನಿನ್ನ ಚಪ್ಪಲಿ ಬ್ರೇಕಿಗೆ ಸಿಕ್ಕಿಕೊಳ್ಳುತ್ತಿದೆ, ನಿನ್ನ ಕಾಲು ಎಲ್ಲಿದೆ ಎಂದು ನಿನಗೇ ಗೊತ್ತಿಲ್ಲ, ಇದು ಎಲ್ಲರ ಕೈಲಾಗುವ ಕೆಲಸವಲ್ಲ ಎಂದರು. ಅವಳು ಇಳಿದಳು. ಅಂದಿನಿಂದ ಮನೆಗೆ ಬಂದವರ ಮುಂದೆಲ್ಲ 'ಚಪ್ಪಲಿ ಡ್ರೈವರ್' ಕಥೆ ಬರುತ್ತಿತ್ತು. ಬಂದವರು ನಗುತ್ತಿದ್ದರು, ಚಹಾ ಹಿಡಿದು ನಿಂತ ಅವಳೂ ನಗುತ್ತಿದ್ದಳು. ತನ್ನ ಕಾಲೇ ಸರಿಯಿಲ್ಲವೆಂದು ಅವಳು ನಂಬಿದ್ದಳು.

ಮೊದಲು ಮಗನನ್ನೇ ಕೇಳಿದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಸ್ಕೂಲು ಅವನದೇ ಪಾಲಿಗೆ ಬಿದ್ದಿತ್ತು. ಅವನು ಅಂಗಳದಲ್ಲಿ ಬಿಳಿ ಕಾರಿನ ಗಾಜು ಒರೆಸುತ್ತಿದ್ದ. ಅಪ್ಪ ಬೇಡವೆಂದಿದ್ದಾರೆ, ಇಂಥ ಸ್ಥಿತಿಯಲ್ಲಿ ಅವರ ಮಾತು ಮೀರಲಾಗುತ್ತದೆಯೇ ಎಂದ.

"ಅವರು ಗಟ್ಟಿಮುಟ್ಟಾಗಿದ್ದಾಗ ಮೀರಿದ್ಯಾ?" ಎಂದು ಅವಳು ಕೇಳಿದಳು. ಮಗ ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ.

ಅವಳು ಅಲ್ಲಿಂದ ನೆಟ್ಟಗೆ ಹೋದದ್ದು ಹಾಫ್ ಕ್ಲಚ್ಚನ ಬಳಿಗೆ. ಮನೆಯವರೆಲ್ಲ ಬೆಂಕಿಯಾದದ್ದು ಇದಕ್ಕೇ. ಹಾಫ್ ಕ್ಲಚ್ಚು ಒಂದು ಕಾಲದಲ್ಲಿ ಮೇಷ್ಟ್ರ ಶಿಷ್ಯ, ಆಮೇಲೆ ಸಹಾಯಕ. ಕ್ಲಚ್ಚಿನ ಮೇಲಿಂದ ಕಾಲನ್ನು ಪೂರ್ತಿ ತೆಗೆಯುವ ಧೈರ್ಯವೇ ಇಲ್ಲದವನೆಂದು ಆ ಹೆಸರಿಟ್ಟವರು ಮೇಷ್ಟ್ರೇ. ಅಂಥವನು ಒಂದು ದಿನ ಅವರ ಕೆಲಸದಿಂದ ಮಾತ್ರ ಪೂರ್ತಿ ಕಾಲು ತೆಗೆದು, ಹಿಂದಿನ ಬೀದಿಯಲ್ಲಿ ತನ್ನದೇ ಸ್ಕೂಲಿನ ಬೋರ್ಡು ಹಾಕಿ, ಜೊತೆಗೆ ಒಂದಷ್ಟು ಶಿಷ್ಯರನ್ನೂ ಎಬ್ಬಿಸಿಕೊಂಡು ಹೋಗಿದ್ದ. ಅಲ್ಲಿಂದೀಚೆಗೆ ಮೇಷ್ಟ್ರ ಮನೆಯಲ್ಲಿ ಅವನ ಸುದ್ದಿ ಎತ್ತುವಂತಿರಲಿಲ್ಲ.

ಅವಳನ್ನು ಬಾಗಿಲಲ್ಲಿ ಕಂಡು ಹಾಫ್ ಕ್ಲಚ್ಚು ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದ. "ಅಕ್ಕಾ, ಮೇಷ್ಟ್ರಿಗೆ ಗೊತ್ತಾ?"

"ಗೊತ್ತಾಗ್ಲಿ ಅಂತಾನೇ ಬಂದಿರೋದು."

ಅವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸಹಾಯಕನಾಗಿದ್ದಷ್ಟು ಕಾಲವೂ ಅವನು ಮಧ್ಯಾಹ್ನ ಉಂಡದ್ದು ಅವಳು ಕಟ್ಟಿಕೊಟ್ಟ ಡಬ್ಬಿಯಲ್ಲೇ.

ಮರುದಿನ ಬೆಳಿಗ್ಗೆಯೇ ಶುರುವಾಯಿತು. ಅವಳು ಎದ್ದು ಮೇಷ್ಟ್ರ ಮೈ ಒರೆಸಿ, ಮಾತ್ರೆ ಕೊಟ್ಟು, ಗಂಜಿಗೆ ಇಟ್ಟು, ಒಲೆ ಆರಿಸುವ ಕೆಲಸವನ್ನು ಸೊಸೆಗೆ ಹೇಳಿ ಹೊರಟಳು. ಕಾರು ಹತ್ತಿದವಳು ಮೊದಲು ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ತಳ್ಳಿದಳು. ಬರಿಗಾಲಲ್ಲಿ ಯಾಕೆ ಎಂದು ಹಾಫ್ ಕ್ಲಚ್ಚು ಕೇಳಿದ್ದಕ್ಕೆ, ನನ್ನ ಚಪ್ಪಲಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದಳು. ಕ್ಲಚ್ ಬಿಟ್ಟಳು, ಕಾರು ಹೊರಟಿತು. ಈಗ ನಿಲ್ಲುತ್ತದೆ, ಈಗ ಗಕ್ಕನೆ ನಿಲ್ಲುತ್ತದೆ ಎಂದು ಅವಳು ಹಲ್ಲು ಕಚ್ಚಿ ಕಾಯುತ್ತಿದ್ದರೆ ಅದು ನಿಲ್ಲಲೇ ಇಲ್ಲ. ಬಸ್ ಡಿಪೋದ ಗೋಡೆ ದಾಟಿ, ಮರದ ಅಡ್ಡೆ ದಾಟಿ ಹೋಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ನಿಲ್ಲಿಸುವುದು ಹೇಗೆಂದು ಕೇಳುವುದನ್ನೇ ಮರೆತಳು.

ಆ ಖುಷಿ ಮನೆಯ ಹೊಸಿಲ ತನಕ. ಸೊಸೆ ಬಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಕೆಲಸದ ಹೊತ್ತು ಆಗಲೇ ಮೀರಿತ್ತು.

"ಅತ್ತೆ, ನೀವು ಹೋದ ಕೂಡ್ಲೇ ಮಾವ ಒದ್ದೆ ಮಾಡ್ಕೊಂಡ್ರು. ನನ್ನ ಕೈಲಿ ಬಟ್ಟೆ ಬದಲಾಯಿಸ್ಕೊಳ್ಳೋಕೆ ಒಪ್ಪಲಿಲ್ಲ. ಅಷ್ಟು ಹೊತ್ತೂ ಒದ್ದೆಯಲ್ಲೇ ಮಲಗಿದ್ರು."

ಅತ್ತೆ ಬಕೆಟ್ಟಿಗೆ ಕೈಚಾಚಿದಳು. ಸೊಸೆ ಬಿಡಲಿಲ್ಲ.

"ನಂಗೂ ಆಸೆಗಳಿವೆ ಅತ್ತೆ. ನಾನು ಯಾರನ್ನಾದ್ರೂ ಒದ್ದೆಯಲ್ಲಿ ಮಲಗಿಸಿ ಹೋಗಿದೀನಾ?"

ಈ ಮಾತು ನೆಟ್ಟಗೆ ನಾಟಿತು. ನಾಟಬೇಕಾದದ್ದೇ, ಸೊಸೆ ಸುಳ್ಳೇನೂ ಹೇಳಿರಲಿಲ್ಲ. ಮೇಷ್ಟ್ರ ಹೆಂಡತಿ ಹಾಸಿಗೆ ಬದಲಾಯಿಸುವಾಗ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿಕೊಂಡು, "ಹೋಗಿ ಬಂದ್ಯಾ ಸವಾರಿ?" ಎಂದರು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಅವರ ಮೇಲೆ ಸಿಟ್ಟೂ ಬಂತು, ಎರಡೂ ಒಟ್ಟಿಗೇ ಬಂದು ಯಾವುದನ್ನೂ ತೋರಿಸಲಾಗದೆ ಹೋಯಿತು. ಮರುದಿನದಿಂದ ಇನ್ನೂ ಬೇಗ ಎದ್ದು, ಬಟ್ಟೆ ಬದಲಾಯಿಸಿ, ಮೇಣಗಪ್ಪಡ ಹಾಸಿಯೇ ಹೊರಟಳು. ಹೊರಡುವುದನ್ನಂತೂ ನಿಲ್ಲಿಸಲಿಲ್ಲ.

ಆ ವಾರದ ಕೊನೆಗೆ ನಾದಿನಿ ಬಂದಿಳಿದಳು. ಅವಳು ಮೇಷ್ಟ್ರ ತಂಗಿ. ಬಟ್ಟೆಯ ಚೀಲ ತಂದ ರೀತಿ ನೋಡಿದರೆ ಎಲ್ಲ ಮುಗಿಯುವವರೆಗೆ ಹೋಗುವವಳಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಅಣ್ಣನ ತಲೆದಿಂಬಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತವಳು ಹೇಳಬೇಕಾದ್ದನ್ನೆಲ್ಲ ಸೀಲಿಂಗ್ ಫ್ಯಾನಿಗೆ ಹೇಳತೊಡಗಿದಳು. ಕೆಲವರಿಗೆ ಗಂಡನ ನರಳಾಟಕ್ಕಿಂತ ಗಾಡಿಯ ಹಾರ್ನೇ ಇಂಪಂತೆ. ಕೆಲವರಿಗೆ ಈ ವಯಸ್ಸಿನಲ್ಲಿ ರೆಕ್ಕೆ ಬರುತ್ತದಂತೆ. ಮೇಷ್ಟ್ರ ಹೆಂಡತಿ ಇದಕ್ಕೆಲ್ಲ ಸೊಪ್ಪು ಹಾಕದೆ ತರಕಾರಿ ಹೆಚ್ಚುತ್ತಿದ್ದಳು. ನಾದಿನಿಗೆ ಸುಮ್ಮನಿರುವವರ ಜೊತೆ ಜಗಳವಾಡಿ ಅಭ್ಯಾಸವಿರಲಿಲ್ಲ.

"ಅತ್ತಿಗೆ, ನಿಮ್ಮನ್ನೇ ಕೇಳ್ತಿರೋದು. ನಮ್ಮಣ್ಣ ನಿಮಗೇನು ಕಡಿಮೆ ಮಾಡಿದಾನೆ?"

"ಗೊತ್ತಿಲ್ಲ. ಇನ್ನೂ ಹುಡುಕ್ತಾ ಇದೀನಿ," ಎಂದು ಅವಳು ಹೆಚ್ಚಿದ್ದನ್ನು ಪಾತ್ರೆಗೆ ಸುರಿದಳು.

ಇಷ್ಟನ್ನಾದರೂ ತಡೆದುಕೊಳ್ಳಬಹುದಿತ್ತು. ಮಗನ ಕಡೆಯಿಂದ ಬಂದದ್ದು ಇನ್ನೂ ಜೋರು. ಮೇಷ್ಟ್ರ ಹೆಂಡತಿಯೇ ಹಿಂದಿನ ಬೀದಿಗೆ ಕಲಿಯಲು ಹೋಗುತ್ತಾಳಂತೆ ಎಂಬ ಸುದ್ದಿ ಹಬ್ಬಿ, ಮಗನ ಬಳಿ ಹೆಸರು ಬರೆಸಿದವರೂ ಅತ್ತ ವಾಲತೊಡಗಿದ್ದರು. ಒಂದು ಮಧ್ಯಾಹ್ನ ಅವನು ಕಾರಿನ ಕೀಯನ್ನು ಮೇಜಿನ ಮೇಲೆ ಎಸೆದು, "ಮನೆಯವರ ಹೊಟ್ಟೆ ಮೇಲೆ ಹೊಡೀತಿದೀಯಲ್ಲಮ್ಮ" ಎಂದ.

"ನೀನೇ ಕಲಿಸಿದ್ರೆ ಈ ಮಾತು ಬರ್ತಿತ್ತಾ?"

"ಕೊನೇಗಾಲದಲ್ಲಿ ಅಪ್ಪನಿಗೆ ಅವಮಾನ ಮಾಡಿ ನಿಂಗೇನು ಸಿಗುತ್ತೆ?"

ಅದಕ್ಕೆ ಅವಳ ಬಳಿ ಉತ್ತರವಿತ್ತು. ಅವರು ಹೋದ ಮೇಲೆ ಕಲಿತರೆ, ಪಾಪ, ಗಂಡನಿಲ್ಲದವಳು, ಹೊತ್ತು ಕಳೆಯಲು ಏನೋ ಮಾಡುತ್ತಾಳೆ ಎನ್ನುತ್ತಾರೆ. ನನಗೆ ಯಾರ ಕನಿಕರವೂ ಬೇಡ. ನನ್ನ ಕೈಲಾಗುವುದಿಲ್ಲ ಎಂದವರ ಕಣ್ಣೆದುರಿಗೇ ಆಗಬೇಕು. ಹೀಗೆಲ್ಲ ಹೇಳಬೇಕೆಂದುಕೊಂಡಳು. ಮಗನ ಮುಖದಲ್ಲಿ ಅವನಪ್ಪನ ಹುಬ್ಬುಗಂಟು ಕಂಡು, ತಟ್ಟೆ ಹಾಕಲಾ ಎಂದಷ್ಟೇ ಕೇಳಿದಳು. ಬೇಡವೆಂದು ಅವನು ಅಂಗಡಿಯ ಬ್ರೆಡ್ಡು ತಿಂದ. ಅಂದಿನಿಂದ ತಾಯಿ ಮಗನಿಗೆ ಮಾತಿಲ್ಲ. ಬೇಕಾದ್ದನ್ನು ಸೊಸೆಯ ಮೂಲಕ ಕೇಳಿಸುತ್ತಿದ್ದ, ಸೊಸೆ ಅರ್ಧ ಹೇಳಿ ಅರ್ಧ ನುಂಗುತ್ತಿದ್ದಳು.

ಅಷ್ಟರಲ್ಲಿ ಅವಳ ಕೈ ಕುದುರಿತ್ತು. ಹಾಫ್ ಕ್ಲಚ್ಚು ಅವಳನ್ನು ಸಂತೆಯ ರಸ್ತೆಗೂ ಬಿಡತೊಡಗಿದ್ದ. ಒಂದು ಬೆಳಿಗ್ಗೆ ಗಲ್ಲಿಯೊಂದರಿಂದ ಸೈಕಲ್ಲಿನವನೊಬ್ಬ ಅಡ್ಡ ನುಗ್ಗಿದ. ಅವಳು ಬ್ರೇಕು ಒತ್ತುವ ಮೊದಲೇ ಕಾರು ಗಕ್ಕನೆ ನಿಂತಿತು. ಸೈಕಲ್ಲಿನವನು ಬೈದುಕೊಂಡು ಹೋದ. ಅವಳು ಅವನನ್ನು ನೋಡಲೂ ಇಲ್ಲ, ತನ್ನ ಬರಿಗಾಲನ್ನು ನೋಡುತ್ತಿದ್ದಳು. ಬ್ರೇಕಿನ ಮೇಲೆ ಸುಮ್ಮನೆ ಇಟ್ಟಿದ್ದ ಕಾಲಿನ ಕೆಳಗೆ ಪೆಡಲು ತಾನಾಗಿ ಇಳಿದಿತ್ತು.

"ಇದೇನು, ನಾನು ಒತ್ತಲೇ ಇಲ್ವಲ್ಲ?"

"ನಾನು ಒತ್ತಿದೆ ಅಕ್ಕ. ಎರಡಕ್ಕೂ ಒಂದೇ ಕಂಬಿ. ಒಂದು ಇಳಿದ್ರೆ ಇನ್ನೊಂದೂ ಇಳಿಯುತ್ತೆ."

ಅವಳು ಕಾರನ್ನು ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಿದಳು. ಆ ಇಳಿತ ಅವಳ ಕಾಲಿಗೆ ಗೊತ್ತಿದ್ದದ್ದು. ಬಯಲಿನಲ್ಲಿ, ಹೊಸ ಚಪ್ಪಲಿಯ ಕೆಳಗೆ, ಇದೇ ಇಳಿತ. ಚಪ್ಪಲಿಯ ಕಥೆಯನ್ನು ಅವಳು ಹಾಫ್ ಕ್ಲಚ್ಚನಿಗೆ ಹೇಳಿದಳು. ಈ ಸಲ ನಗು ಬರುವ ಹಾಗೆ ಹೇಳಲಿಲ್ಲ. ಅವನೂ ನಗದೆ ಕಿಟಕಿಯಾಚೆ ನೋಡುತ್ತ ಕೂತ. ಅವಳು ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟ.

"ಅದು ಮೇಷ್ಟ್ರ ಪಟ್ಟು ಅಕ್ಕ. ನಮಗೂ ಹೇಳಿಕೊಟ್ಟಿದ್ರು. ಬೇಡವಾದವ್ರು ಯಾರಾದ್ರೂ ಕಲಿಯೋಕೆ ಬಂದ್ರೆ, ಕಾರು ಹೊರಟ ಕೂಡ್ಲೇ ನಮ್ಮ ಕಡೆಯದನ್ನ ಒತ್ತಬೇಕು. ಎರಡು ಮೂರು ಸಲ ಹಾಗಾದ್ರೆ ತಪ್ಪು ತಮ್ಮ ಕಾಲಿಂದೇ ಅಂದ್ಕೊಂಡು ಅವರಾಗೇ ಬಿಟ್ಟು ಹೋಗ್ತಾರೆ. ಬೇಡ ಅಂತ ಹೇಳೋ ತಾಪತ್ರಯ ನಮಗಿರಲ್ಲ."

ಅವಳು ಮನೆಗೆ ಬಂದಾಗ ನಾದಿನಿ ಅಣ್ಣನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಸೊಸೆ ಕೆಲಸಕ್ಕೆ ಹೊರಡಲು ಕೂದಲು ಬಾಚುತ್ತಿದ್ದಳು. ಮೇಷ್ಟ್ರ ಹೆಂಡತಿ ಮಂಚದ ಕಾಲ್ದೆಸೆಯಲ್ಲಿ ನಿಂತು ಕೇಳಿದಳು.

"ಅವತ್ತು ಬಯಲಲ್ಲಿ ಬ್ರೇಕ್ ಒತ್ತಿದ್ದು ಯಾರು?"

ಯಾವ ಬಯಲು, ಯಾವ ಬ್ರೇಕು ಎಂದು ಮೇಷ್ಟ್ರು ಕೇಳಲಿಲ್ಲ. "ಹಾಫ್ ಕ್ಲಚ್ ಬೊಗಳಿದ್ನಾ?"

"ಅವನು ಆಮೇಲೆ ಹೇಳ್ದ. ಮೊದಲು ಹೇಳಿದ್ದು ನನ್ನ ಕಾಲು."

ನಾದಿನಿ, ಈಗ್ಯಾಕೆ ಹಳೇದೆಲ್ಲ ಎಂದು ಅಡ್ಡ ಬಂದಳು. ಮೇಷ್ಟ್ರು ಅವಳ ಕೈಯನ್ನು ಕಾಲಿನಿಂದ ಒದರಿ, ದಿಂಬಿಗೆ ಒರಗಿ ಸ್ವಲ್ಪ ಮೇಲೆದ್ದರು.

"ಒತ್ತಿದೆ. ಏನೀಗ?"

"ಯಾಕೆ ಅಂತ ಹೇಳಿ."

"ತಿಂಗಳು ಕಲಿತೋರಿಗೆ ಬರದೇ ಇರೋದು ನಿಂಗೆ ಮೊದಲ ಸಲಕ್ಕೇ ಬಂತು. ಕಾರು ಅಲುಗದ ಹಾಗೆ ಹೊರಡಿಸ್ದೆ. ಲಾರಿಯವನ ಮಗಳಲ್ವಾ. ಶಿಷ್ಯರೆಲ್ಲ ನೋಡ್ತಾ ನಿಂತಿದ್ರು. ನಂಗೆ ಮೈ ಉರೀತು, ಒತ್ತಿದೆ." ಮೇಷ್ಟ್ರು ಉಸಿರು ಎಳೆದುಕೊಂಡರು. "ಕಲಿತಿದ್ರೆ ಆಮೇಲೆ ನನ್ನ ಹತ್ರ ನಿಂಗೇನು ಕೆಲಸ ಇರ್ತಿತ್ತು?"

ಮೇಜಿನ ಮೇಲಿದ್ದ ಗಂಜಿಯ ಬಟ್ಟಲನ್ನು ಅವಳು ಕೈಗೆತ್ತಿಕೊಂಡಳು. ಅದನ್ನು ಅವರ ಮುಖಕ್ಕೆ ಎರಚಬೇಕೆನಿಸಿತು. ಅನಿಸಿತು ಎಂದರೆ ಸಾಲದು, ಕೈ ಎತ್ತಿಯೂ ಆಗಿತ್ತು. ಸೊಸೆಯ ಬಾಚಣಿಗೆ ಕೂದಲಿನ ನಡುವೆಯೇ ನಿಂತಿತು.

"ಸಾಯೋ ಮನುಷ್ಯ ಅಂತ ಸುಮ್ನಿದೀನಿ," ಎಂದು ಅವಳು ಬಟ್ಟಲನ್ನು ಕೆಳಗಿಟ್ಟಳು.

"ಸಾಯೋ ಮನುಷ್ಯ ಅಂತಾನೇ ನಿಜ ಹೇಳಿದೆ," ಎಂದರು ಮೇಷ್ಟ್ರು.

ಆಮೇಲೆ ಅವಳು ಗಂಡನ ಜೊತೆ ಮಾತು ಬಿಟ್ಟಳು. ಕೆಲಸ ಬಿಡಲಿಲ್ಲ. ಹೊರಳಿಸುವುದು, ಒರೆಸುವುದು, ಚಮಚದಲ್ಲಿ ನೀರು ಕುಡಿಸುವುದು ಎಲ್ಲ ಮೊದಲಿನಂತೆಯೇ ನಡೆಯಿತು. ಬಾಯಿ ತೆಗೀರಿ, ಆ ಕಡೆ ತಿರುಗಿ ಎನ್ನುವ ಮಾತು ಕೂಡ ಇಲ್ಲದೆ ನಡೆಯುವಾಗ ಮೇಷ್ಟ್ರಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ವಿಚಿತ್ರವೆಂದರೆ ಆ ದಿನದಿಂದ ಸೊಸೆ ಬೆಳಿಗ್ಗೆ ತಾನಾಗಿಯೇ ಬೇಗ ಎದ್ದು ಗಂಜಿಗೆ ಇಡತೊಡಗಿದಳು. ಅತ್ತೆಯ ಮೇಲೆ ಪ್ರೀತಿ ಉಕ್ಕಿತೆಂದಲ್ಲ. ನಾನು ಒಲೆ ನೋಡ್ಕೋತೀನಿ, ನೀವು ಬಟ್ಟೆ ಬದಲಾಯಿಸಿ ಹೊರಡಿ ಎಂದು ಗಂಟುಮುಖ ಮಾಡಿಕೊಂಡೇ ಹೇಳಿದಳು.

ಲೈಸೆನ್ಸಿನ ಪರೀಕ್ಷೆಯ ದಿನ ಮೇಷ್ಟ್ರಿಗೆ ಜ್ವರ ಕೆಂಡದಂತೆ ಏರಿತ್ತು. ಮಗ ಬಾಗಿಲಿಗೆ ಅಡ್ಡ ನಿಂತು ಎಷ್ಟೋ ದಿನಗಳ ಮೇಲೆ ತಾಯಿಯೊಡನೆ ನೇರವಾಗಿ ಮಾತಾಡಿದ. ನೀನು ಹೋಗಿ ಬರುವಷ್ಟರಲ್ಲಿ ಏನಾದರೂ ಆಗಿಬಿಟ್ಟರೆ ಜೀವನವಿಡೀ ಆ ಲೈಸೆನ್ಸು ನೋಡಿಕೊಂಡು ಕೂರುತ್ತೀಯಾ ಎಂದು ಕೇಳಿದ. ನಾದಿನಿ ಹಿಂದಿನಿಂದ ಹೌದೌದು ಎಂದಳು. ಮೇಷ್ಟ್ರ ಹೆಂಡತಿ ಚೀಲ ಹಿಡಿದು ಅಲ್ಲೇ ನಿಂತಳು. ಕಾಲು ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು.

ಆಗ ಮಂಚದಿಂದ ದನಿ ಬಂತು. "ದಾರಿ ಬಿಡೋ. ಹೋಗ್ಲಿ. ಹೋಗಿ ಫೇಲಾಗಿ ಬರ್ಲಿ."

ಅವಳು ಪಾಸಾಗಿ ಬಂದಳು. ಮಧ್ಯಾಹ್ನ ಜ್ವರ ಇಳಿದು ಮೇಷ್ಟ್ರು ಕಣ್ಣು ಬಿಟ್ಟಿದ್ದರು. ಏನಾಯಿತೆಂದು ಕೇಳಿದ್ದು ಸೊಸೆ ಒಬ್ಬಳೇ. ಅತ್ತೆ ಹೇಳಿದ ಉತ್ತರಕ್ಕೆ ಮನೆಯಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಕಡೆಗೆ ಮೇಷ್ಟ್ರೇ, "ಇನ್‌ಸ್ಪೆಕ್ಟರಿಗೆ ಹಾಫ್ ಕ್ಲಚ್ ಕೈ ಬೆಚ್ಚಗೆ ಮಾಡಿರ್ತಾನೆ. ನಾನು ಪಕ್ಕದಲ್ಲಿ ಕೂತಾಗ ಓಡಿಸು, ಆಗ ಒಪ್ತೀನಿ" ಎಂದರು.

ಅದಕ್ಕೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಮುಂದಿನ ವಾರ ಮೇಷ್ಟ್ರ ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿ ಉಸಿರಾಡುವುದೇ ಕಷ್ಟವಾಯಿತು. ಆಸ್ಪತ್ರೆಗೆ ಹೋಗಿ ತೆಗೆಸಬೇಕಿತ್ತು. ಮಗ ಬಿಳಿ ಕಾರನ್ನು ಬಾಗಿಲಿಗೆ ತಂದು, ಹಿಂದಿನ ಸೀಟಿಗೆ ದಿಂಬು ಹಾಕಿದ. ಮೇಷ್ಟ್ರು ಕುರ್ಚಿಯಲ್ಲಿ ಕೂತೇ ತಲೆಯಾಡಿಸಿದರು.

"ಹಿಂದೆ ಮಲಗಲ್ಲ. ನನ್ನ ಸೀಟಲ್ಲಿ ಕೂರಿಸು. ಅವಳೇ ಓಡಿಸ್ಲಿ."

ಮಗ, ನಾದಿನಿ ಇಬ್ಬರೂ ಎಷ್ಟು ಹೇಳಿದರೂ ಮೇಷ್ಟ್ರು ಜಗ್ಗಲಿಲ್ಲ. ಕೊನೆಗೆ ಮಗ ತಾಯಿಯನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದ. "ಅಮ್ಮಾ, ಅಪ್ಪ ನಡುರಸ್ತೇಲಿ ಬ್ರೇಕ್ ಒತ್ತುತಾರೆ. ನನಗೆ ಗೊತ್ತು, ನಿಂಗೂ ಗೊತ್ತು. ಒಂದು ನಿಮಿಷ ತಡಿ, ಆ ಕಡೆ ಪೆಡಲು ಬಿಚ್ಚಿಡ್ತೀನಿ."

"ಬೇಡ," ಎಂದಳು ಅವಳು. "ಇರ್ಲಿ. ಅವರ ಕೈಲಾದಷ್ಟು ಒತ್ತಲಿ."

ಮೇಷ್ಟ್ರನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದರು. ಬೆನ್ನಿಗೆ ದಿಂಬು, ಮಡಿಲಲ್ಲಿ ವಾಂತಿಗೊಂದು ಡಬ್ಬಿ. ಕೂತ ತಕ್ಷಣ ಅವರ ಕಾಲು ತಡಕಾಡಿ ತನ್ನ ಜಾಗ ಹುಡುಕಿಕೊಂಡಿತು. ಮಗ, ನಾದಿನಿ ಹಿಂದೆ ಕೂತರು. ಸೊಸೆ ನೀರಿನ ಬಾಟಲಿ ತಂದುಕೊಟ್ಟು, ಅತ್ತೆ ಬಾಗಿಲ ಬಳಿ ಬಿಚ್ಚಿಟ್ಟ ಚಪ್ಪಲಿಯನ್ನು ಎತ್ತಿ ಕಾರಿನೊಳಗಿಟ್ಟಳು.

ಕಾರು ಅಲುಗದ ಹಾಗೆ ಹೊರಟಿತು. ಮೇಷ್ಟ್ರು ಹುಬ್ಬುಗಂಟಿಕ್ಕಿಕೊಂಡರು. ಬೀದಿಯ ತಿರುವಿನಲ್ಲಿ ಕನ್ನಡಿ ನೋಡಲಿಲ್ಲ ಎಂದರು. ನೋಡಿದೆ ಎಂದಳು. ಎರಡನೇ ಗೇರಿನಲ್ಲಿ ಎಷ್ಟು ದೂರ ಎಳೆಯುತ್ತೀಯ ಎಂದರು. ಮೂರಕ್ಕೆ ಹಾಕಿ ಆಗಿತ್ತು. ಹಿಂದಿನಿಂದ ನಾದಿನಿ, ಅಣ್ಣಾ ಸುಮ್ನೆ ಕೂತ್ಕೋ ಎಂದಳು. ಸಂತೆಯ ರಸ್ತೆ ದಾಟಿ ಸೇತುವೆ ಏರುವಾಗ ಹಿಂದೆ ಒಂದು ಲಾರಿ ಬಂತು. ಮಗ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಆಗ ಬ್ರೇಕಿನ ಅಂಚಿಗೆ ತಾಗಿದ್ದ ಅವಳ ಬರಿಗಾಲಿಗೆ ಅದು ಗೊತ್ತಾಯಿತು. ಬ್ರೇಕಿನ ಪೆಡಲು ಇಳಿಯಲಿಲ್ಲ, ಸಣ್ಣಗೆ ಅದುರಿತಷ್ಟೇ. ಅವಳು ಓರೆಗಣ್ಣಿನಲ್ಲಿ ನೋಡಿದಳು. ಮೇಷ್ಟ್ರು ಒತ್ತುತ್ತಿದ್ದರು. ಕಡ್ಡಿಯಂತಾಗಿದ್ದ ಕಾಲು ನಡುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಕೈ ಬಾಗಿಲ ಹಿಡಿಯನ್ನು ಬಿಗಿಹಿಡಿದಿತ್ತು. ಮೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ಒಟ್ಟುಮಾಡಿ ಒತ್ತುತ್ತಿದ್ದರು. ಕಾರು ಅದೇ ವೇಗದಲ್ಲಿ ಸೇತುವೆ ಏರಿ ಇಳಿಯಿತು.

"ಬ್ರೇಕ್ ಹಿಡೀತಿಲ್ಲ," ಎಂದರು ಮೇಷ್ಟ್ರು. ಮುಖ ಬೆವತಿತ್ತು.

ಅವಳಿಗೆ ಅಳು ಬಂತು, ಅದು ನಿಜ. ಸಿಟ್ಟು ಇಳಿದಿರಲಿಲ್ಲ, ಅದೂ ನಿಜ.

"ಬ್ರೇಕ್ ಸರಿಯಾಗೇ ಇದೆ," ಎಂದಳು.

ಸೇತುವೆಯ ಕೆಳಗೆ ಸಿಗ್ನಲ್ಲು ಕೆಂಪಾಯಿತು. ಅವಳು ಬ್ರೇಕಿನ ಮೇಲೆ ಕಾಲಿಟ್ಟು ಮೆಲ್ಲಗೆ ಅದುಮಿದಳು. ಕಾರು ಬಿಳಿ ಗೆರೆಯ ಹಿಂದೆ, ಬಾಟಲಿಯ ನೀರು ಕೂಡ ಕುಲುಕದ ಹಾಗೆ ನಿಂತಿತು. ಪಕ್ಕದ ಸೀಟಿನಲ್ಲಿ, ಮೇಷ್ಟ್ರ ಕಾಲಿನ ಕೆಳಗೆ ಅವರ ಪೆಡಲು ತಾನಾಗಿಯೇ ಇಳಿಯಿತು.

ಮೇಷ್ಟ್ರು ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಎರಡೂ ಕೈಯಿಂದ ಮಂಡಿಯನ್ನು ಹಿಡಿದು, ಕಾಲನ್ನು ಪೆಡಲಿನಿಂದ ಎತ್ತಿ ಬಾಗಿಲ ಕಡೆಗೆ ಸರಿಸಿ ಇಟ್ಟರು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ.

"ಹಸಿರು ಬಿತ್ತು," ಎಂದರು.

"ನಂಗೂ ಕಾಣ್ಸುತ್ತೆ," ಎಂದು ಅವಳು ಗೇರು ಹಾಕಿದಳು.